ಹಡಗಲಿ ಲೈನಿನ ಕುದುರೆಗಳು

ಅಕ್ಕ ದಣಿದಿರದ ಒಂದು ದಿನವನ್ನೂ ನೋಡಿದ ನೆನಪು ನನಗಿಲ್ಲ. ಒಡಹುಟ್ಟಿದವರಲ್ಲ, ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯರು. ಬೆಳಿಗ್ಗೆ ಕೊಟ್ಟೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಹಗರಿಬೊಮ್ಮನಹಳ್ಳಿಯ ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಮೆಟ್ಟಿಲು ಹತ್ತುವ ಹೊತ್ತಿಗೇ ಅವರ ಮುಖದಲ್ಲಿ ಸಂಜೆ ಇಳಿದಿರುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗಿನಿಂದ ಕತ್ತು ಒರೆಸಿಕೊಂಡು, ಕುರ್ಚಿಯಲ್ಲಿ ಕೂತು ಒಂದು ಉದ್ದನೆಯ ಉಸಿರು ಬಿಡುವರು. ಆ ಉಸಿರು ಮುಗಿದ ಮೇಲೆ ಹೆಡ್‌ಫೋನ್ ತಲೆಗೇರುತ್ತಿತ್ತು. ಆಮೇಲೆ ಊರು ಮಾತಾಡಬಹುದಿತ್ತು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಹೇಳಿದರು, ಪಾಪ, ಬಾಳ ದುಡಿದಳು ಅಂತ. ಸುಳ್ಳಲ್ಲ. ನಾಲ್ಕು ಮಂದಿಯ ಅಡುಗೆ, ನಲ್ಲಿ ನೀರು ಹಿಡಿಯುವುದು, ಇಬ್ಬರು ಮಕ್ಕಳ ಶಾಲೆ, ಆಮೇಲೆ ಬಸ್ಸು, ಆಮೇಲೆ ಬೋರ್ಡು, ಮತ್ತೆ ಬಸ್ಸು, ಮತ್ತೆ ಒಲೆ. ಆದರೆ ಇದರ ನಡುವೆ ಅವರು ಎಷ್ಟು ಕೋಟೆ ಹತ್ತಿ ಇಳಿದರು, ಎಷ್ಟು ಕಾಡು ದಾಟಿದರು ಎನ್ನುವುದನ್ನು ಅಲ್ಲಿ ಯಾರೂ ಹೇಳಲಿಲ್ಲ. ಬಂದವರಿಗೆ ಅದು ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಆಪರೇಟರ್ ಆಗಿ ಕೆಲಸಕ್ಕೆ ಸೇರಿದಾಗ ನಮ್ಮದಿನ್ನೂ ಕೈಯಿಂದ ನಡೆಸುವ ಎಕ್ಸ್‌ಚೇಂಜ್. ಊರಿನಲ್ಲಿ ಯಾರಾದರೂ ಫೋನ್ ಎತ್ತಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ನಾವು ವೈರು ಸಿಕ್ಕಿಸಿ "ನಂಬರ್ ಹೇಳ್ರಿ" ಅನ್ನಬೇಕು, ಕೇಳಿದ ಕಡೆಗೆ ಇನ್ನೊಂದು ವೈರು ಸಿಕ್ಕಿಸಬೇಕು. ಬೇರೆ ಊರು ಕೇಳಿದರೆ ಆ ಊರಿನ ಆಪರೇಟರನ್ನು ಕೂಗಬೇಕು. ನಾವು ಒಬ್ಬರಿಗೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರೇ ಹೆಸರು. "ಹಲೋ ಕೂಡ್ಲಿಗಿ", "ಏನ್ರಿ ಹರಪನಹಳ್ಳಿ, ನಿದ್ದಿ ಹತ್ತೇತೇನ್ರಿ?" ಹೀಗೆ. ಆ ಲೆಕ್ಕದಲ್ಲಿ ಅಕ್ಕ ಬೊಮ್ಮನಹಳ್ಳಿ.

ನನಗೆ ಕೆಲಸ ಕಲಿಸಿದವರು ಅವರೇ. ಬೈದು ಕಲಿಸಲಿಲ್ಲ. ಬೈಯುವುದಕ್ಕೂ ಶಕ್ತಿ ಬೇಕು, ಅದನ್ನು ಅವರು ಉಳಿಸಿಕೊಳ್ಳುತ್ತಿದ್ದರು. ತಪ್ಪು ವೈರು ಸಿಕ್ಕಿಸಿದರೆ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿ, ತಾವೇ ಕಿತ್ತು ಸರಿಯಾಗಿ ಸಿಕ್ಕಿಸಿ ಮತ್ತೆ ಪುಸ್ತಕಕ್ಕೆ ಹೋಗುವರು.

ಪುಸ್ತಕ ಅವರ ತೊಡೆಯ ಮೇಲೆ ಯಾವಾಗಲೂ ಇರುತ್ತಿತ್ತು. ಹಳೆಯ ಪೇಪರಿನ ಹೊದಿಕೆ ಹಾಕಿದ, ಇಟ್ಟಿಗೆಯಷ್ಟು ದಪ್ಪದ ಕಾದಂಬರಿ. ಒಂದು ಸಂಪುಟದಲ್ಲಿ ಮುಗಿಯುವಂಥದ್ದನ್ನು ಅವರು ಮುಟ್ಟುತ್ತಿರಲಿಲ್ಲ. ರಾಜ್ಯ ಕಳಕೊಂಡ ರಾಜಕುಮಾರ ಮೂರನೇ ಭಾಗದಲ್ಲಾದರೂ ಕತ್ತಿ ಹಿಡಿಯಬೇಕು, ಐದನೇ ಭಾಗದವರೆಗೆ ಸಿಂಹಾಸನ ಸಿಗಬಾರದು. ಗಾಳಿಗೂ ತೆರಿಗೆ ಕೊಡುವ ದೇಶ, ಹಾವುಗಳ ಜೊತೆ ಒಪ್ಪಂದ ಮಾಡಿಕೊಂಡ ರಾಣಿ, ಸಮುದ್ರದಾಚೆಯಿಂದ ಬಂದ ಹಡಗು, ಏನಿದ್ದರೂ ಸರಿ, ಉದ್ದ ಇರಬೇಕು.

"ಅಷ್ಟು ದಪ್ಪದ್ದು ಹೆಂಗ ಓದ್ತೀರಿ ಅಕ್ಕ? ನನಗ ನೋಡಿದ್ರ ಸುಸ್ತಾಗ್ತದ" ಅಂತ ಒಮ್ಮೆ ಕೇಳಿದೆ.

"ಸುಸ್ತಾಗೇತಿ ಅಂತನ ದಪ್ಪದ್ದು ಓದ್ತೀನಿ ತಂಗಿ" ಅಂದರು. "ಸಣ್ಣ ಕಾದಂಬರಿ ಅಂದ್ರ ಬೀಗರು ಬಂದಂಗ. ಇವರು ಯಾರು, ಅವರು ಯಾರು ಅಂತ ಗುರುತು ಹಿಡಿಯಾದ್ರಾಗ ಎದ್ದು ಹೊಕ್ಕಾರ. ದಿನಾ ಹೊಸಬರನ್ನ ಮಾತಾಡ್ಸಾಕ ನನ್ನ ಕೈಲಿ ಆಗಲ್ಲ. ಅವೇ ಮಂದಿ ಇರಬೇಕು. ಅವರೇ ಕುದುರಿ ಹತ್ತಬೇಕು, ಅವರೇ ಇಳೀಬೇಕು. ನಾ ಸುಮ್ಮನ ಹಿಂದ ಹೋಗ್ತಿರಬೇಕು."

ಯುದ್ಧದ ಪುಟಗಳನ್ನು ಅವರು ಬೇಗ ಓದುತ್ತಿದ್ದರು. ಊಟದ ವರ್ಣನೆ ಬಂದರೆ ಎರಡು ಸಲ. ದಂಡು ಬಿಡಾರ ಹೂಡಿತು, ಒಲೆ ಹಚ್ಚಿದರು, ಯಾರೋ ರೊಟ್ಟಿ ಬಡಿದರು ಎಂದು ಬಂದರೆ ಅವರ ಭುಜ ಇಳಿಯುತ್ತಿತ್ತು. "ನೋಡು, ಇಲ್ಲಿ ಅಡಿಗಿ ಮಾಡಾಕ ಬ್ಯಾರೆಯವರು ಅದಾರ" ಅನ್ನುತ್ತಿದ್ದರು, ನಗದೆ.

ಅವರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ನಾವು "ಕುದುರಿ ಕತಿ" ಎಂದು ಕರೆಯುತ್ತಿದ್ದ ಒಂದು ಐತಿಹಾಸಿಕ ಸಾಹಸದ ಮಾಲಿಕೆ. ಪಡುವಣ ಕಡಲಿಗೆ ಹಡಗಿನಲ್ಲಿ ಬಂದಿಳಿದ ಕುದುರೆಗಳನ್ನು ಘಟ್ಟ ಹತ್ತಿಸಿ ರಾಜಧಾನಿಗೆ ಹೊಡೆದುಕೊಂಡು ಬರುವ ವರ್ತಕರ ಕಥೆ. ದಾರಿಯಲ್ಲಿ ದರೋಡೆಕೋರರು, ಪಾಳೆಯಗಾರರು, ಕೂಗುವ ಮೊದಲೇ ಪ್ರತಿಧ್ವನಿ ಬಂದುಬಿಡುವ ಒಂದು ಕಣಿವೆ. ಅದರಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಒಬ್ಬ ಮುದುಕನಿದ್ದ. ಎಲ್ಲರೂ ಅವನನ್ನು ಸಾಹಣಿ ಅಜ್ಜ ಎನ್ನುತ್ತಿದ್ದರು. ಕತ್ತಿ ಹಿಡಿದವನಲ್ಲ, ಕಥಾನಾಯಕನಂತೂ ಅಲ್ಲ. ಅಕ್ಕನಿಗೆ ಮಾತ್ರ ಅವನೇ ಬೇಕು. ಯಾಕೆಂದರೆ ಅಕ್ಕನ ಅಪ್ಪ ಕೊಟ್ಟೂರಿನಲ್ಲಿ ಟಾಂಗಾ ಹೊಡೆಯುತ್ತಿದ್ದವರು. ರೈಲ್ವೆ ಸ್ಟೇಷನ್ನಿಗೂ ಊರಿಗೂ ನಡುವೆ ಒಂದೇ ಕುದುರೆಯಲ್ಲಿ ಸಂಸಾರ ಎಳೆದವರು.

ಮಾಲಿಕೆಯ ಮೊದಲ ಭಾಗಗಳು ನಮ್ಮೂರ ಲೈಬ್ರರಿಯಲ್ಲಿದ್ದವು, ಕೊನೆಯವೂ ಇದ್ದವು. ನಡುವಿನ ಒಂದು ಭಾಗ ಇರಲಿಲ್ಲ. ಅದನ್ನು ಬಿಟ್ಟು ಮುಂದೆ ಓದಿ ಎಂದರೆ ಅಕ್ಕ ಒಪ್ಪಲಿಲ್ಲ. "ಮದುವಿ ಬಿಟ್ಟು ಬಾಣಂತನ ಮಾಡಾಕ ಬರ್ತದೇನು?" ಅಂದರು.

ದಿನಾ ಬೆಳಿಗ್ಗೆ ನಾವು ಸುತ್ತಲಿನ ಊರುಗಳ ಲೈನು ಸರಿಯಿದೆಯೇ ಎಂದು ಪರೀಕ್ಷಿಸಬೇಕಿತ್ತು. ಅಂಥ ಒಂದು ಬೆಳಿಗ್ಗೆ ಹಡಗಲಿಯ ಆಪರೇಟರ್ ಅಕ್ಕನ ನಿಟ್ಟುಸಿರು ಕೇಳಿಸಿಕೊಂಡು "ಏನ್ರಿ ಬೊಮ್ಮನಹಳ್ಳಿ, ಲೈನಿಗೆ ಗಾಳಿ ಹಾಕ್ತೀರೇನು?" ಅಂತ ಕೇಳಿದರು. ಅಕ್ಕ ಪುಸ್ತಕದ ಸಂಕಟ ಹೇಳಿದರು.

"ಕುದುರಿ ಕತೀನಾ? ಆ ಭಾಗ ನಮ್ಮ ಲೈಬ್ರರಿಯಾಗ ಐತಲ್ರಿ. ನಾನೂ ಅದರ ಗಿರಾಕಿನ!"

ಹಡಗಲಿಯವರು ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ನಾವು ಅವರ ಮುಖ ನೋಡಿರಲಿಲ್ಲ, ದನಿ ಮಾತ್ರ ಗೊತ್ತು. ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ, ಅವಸರವಿಲ್ಲದ, ದಪ್ಪ ದನಿ. ಬಸ್ಸಿನಲ್ಲಿ ಪುಸ್ತಕ ಕಳಿಸುತ್ತೇನೆ ಎಂದರು, ಆಮೇಲೆ ಅವರೇ ಬೇಡವೆಂದರು. "ನೀವು ಓದಿದ್ರ ಒಂದು ವಾರಕ್ಕ ಮುಗಿಸಿಬಿಡ್ತೀರಿ. ನಾ ಓದಿ ಹೇಳಿದ್ರ ಮಳಿಗಾಲ ಪೂರ್ತಿ ಬರ್ತದ."

ಹಾಗೆ ಶುರುವಾಯಿತು. ಮಧ್ಯಾಹ್ನ ಊಟದ ನಂತರ ಅಂಗಡಿಗಳು ಅರ್ಧ ಬಾಗಿಲು ಹಾಕಿಕೊಳ್ಳುವ ಹೊತ್ತಿನಲ್ಲಿ ಬೋರ್ಡಿನಲ್ಲಿ ಮುಚ್ಚಳಗಳು ಬೀಳುವುದು ಕಡಿಮೆ. ಆಗ ಹಡಗಲಿ ಲೈನು ತೆರೆಯುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಕೂರುತ್ತಿದ್ದರು. ಕರೆ ಬಂದರೆ ನಾನು ನೋಡಿಕೊಳ್ಳುತ್ತಿದ್ದೆ, ಬಾರದಿದ್ದರೆ ನಾನೂ ಕಿವಿ ಕೊಡುತ್ತಿದ್ದೆ. ಆ ಅರ್ಧ ಗಂಟೆಯಲ್ಲಿ ಅವರ ಹಣೆಯ ಗೆರೆಗಳು ಸಡಿಲಾಗುವುದನ್ನು ನಾನು ಪಕ್ಕದಿಂದ ನೋಡಿದ್ದೇನೆ.

ಓದು ಶುರುವಾಗಿ ಸ್ವಲ್ಪ ದಿನಕ್ಕೇ ಅಕ್ಕನ ಅಪ್ಪ ತೀರಿಕೊಂಡರು. ಅಕ್ಕ ರಜೆ ಹಾಕಿ ಹೋದರು, ಸೂತಕದ ದಿನಗಳು ಪೂರ್ತಿ ಕಳೆಯುವ ಮುಂಚೆಯೇ ಕೆಲಸಕ್ಕೆ ಬಂದರು.

"ಇಷ್ಟು ಬೇಗ ಯಾಕ ಬಂದ್ರಿ ಅಕ್ಕ?"

"ಮನಿ ತುಂಬ ಮಂದಿ. ಮೂರು ಹೊತ್ತು ಅನ್ನ ಬಸದು ಬಸದು ಸಾಕಾತು. ಬಂದವರೆಲ್ಲ ಅತ್ತರು, ನನಗ ಅಳಾಕ ಪುರುಸೊತ್ತು ಸಿಗಲಿಲ್ಲ. ಇಲ್ಲಿ ಕೂತರ ಕಾಲಿಗಾದ್ರೂ ಆರಾಮ" ಅಂದರು. ಹೆಡ್‌ಫೋನ್ ಹಾಕಿಕೊಂಡರು.

ಅವರು ನೀರು ಕುಡಿಯಲು ಎದ್ದಾಗ ಹಡಗಲಿಯವರು ಲೈನಿಗೆ ಬಂದರು. ಅಕ್ಕನ ದನಿ ಯಾಕೋ ಒಂಥರಾ ಇದೆಯಲ್ಲ ಎಂದು ಕೇಳಿದರು. ರಜೆ ಎಂದಷ್ಟೇ ಗೊತ್ತಿದ್ದ ಅವರಿಗೆ ನಾನು ವಿಷಯ ಹೇಳಿದೆ. ಆ ಮಧ್ಯಾಹ್ನ ಓದು ಇರುವುದಿಲ್ಲ ಎಂದುಕೊಂಡಿದ್ದೆ, ಆದರೆ ಅಕ್ಕನೇ ಲೈನು ಕೇಳಿದರು. ಅವತ್ತಿನ ಅಧ್ಯಾಯದಲ್ಲಿ ಕುದುರೆಗಳು ತುಂಬಿದ ಹೊಳೆ ದಾಟುತ್ತಿದ್ದವು. ಹಡಗಲಿಯವರ ದನಿ ಎರಡು ಮೂರು ಸಲ ನಿಂತಿತು. ಲೈನು ಕೆಟ್ಟಿತೇನೋ ಎಂದು ನಾನು ವೈರು ಒತ್ತಿ ನೋಡಿದೆ. ಮತ್ತೆ ಶುರುವಾಯಿತು. ಸಾಹಣಿ ಅಜ್ಜ ಕೊನೆಯ ಕುದುರೆಯ ಬಾಲ ಹಿಡಿದುಕೊಂಡು ಆಚೆ ದಡಕ್ಕೆ ಬಂದು ಬಿದ್ದ, ಕೆಮ್ಮಿ ನೀರು ಕಾರಿದ, ಎದ್ದು ಕೂತು ಮೊದಲು ಕುದುರೆಗಳನ್ನು ಎಣಿಸಿದ.

ಅಲ್ಲಿಂದ ಮುಂದೆ ಅಕ್ಕ ಲೈನಿಗೆ ಬಂದ ಕೂಡಲೇ ಕೇಳುತ್ತಿದ್ದುದು ಒಂದೇ. "ಅಜ್ಜ ಹೆಂಗ ಅದಾನ್ರಿ?" ಅಜ್ಜ ದಿನಕ್ಕೊಂದು ಕೆಲಸ ಮಾಡುತ್ತಿದ್ದ. ಸಂಜೆ ಬಿಸಿನೀರಿನಲ್ಲಿ ಕುದುರೆಗಳ ಕಾಲು ತೊಳೆಯುವನು. ತನ್ನ ಮಂಡಿನೋವನ್ನು ಮನುಷ್ಯರಿಗೆ ಹೇಳದೆ ಬಿಳಿ ಕುದುರೆಯ ಕಿವಿಯಲ್ಲಿ ಹೇಳುವನು. ಹಸಿದ ಸೈನಿಕರು ಹುರುಳಿ ಕೇಳಿದರೆ, ಇದು ಅವುಗಳ ಪಾಲು ಎಂದು ಚೀಲದ ಮೇಲೆ ಮಲಗಿಬಿಡುವನು. ಅಕ್ಕ ಮನೆಗೆ ಹೋಗುವಾಗ ನನ್ನ ಮುಂದೆ ಅದನ್ನೇ ಇನ್ನೊಮ್ಮೆ ಹೇಳುವರು. "ನಮ್ಮಪ್ಪನೂ ಹಂಗ. ನಮಗ ಜ್ವರ ಬಂದ್ರ ಗೊತ್ತಾಗ್ತಿರಲಿಲ್ಲ, ಕುದುರಿ ಸೀನಿದ್ರ ಎದ್ದು ಕುಂದರ್ತಿದ್ದ."

ಊರು ಸುಮ್ಮನಿರಲಿಲ್ಲ. ಹತ್ತಿ ವ್ಯಾಪಾರದ ದಲಾಲಿಯೊಬ್ಬ ಒಂದು ಮಧ್ಯಾಹ್ನ ಹಡಗಲಿ ಲೈನು ಕೇಳಿ, ಖಾಲಿ ಇಲ್ಲ ಎನ್ನಿಸಿಕೊಂಡು ಸಿಟ್ಟಾದ. ಲೈನು ಹಿಡಿದಿರುವುದು ಇಬ್ಬರು ಆಪರೇಟರುಗಳ ಮಾತು ಎಂದು ಅವನಿಗೆ ಹೇಗೋ ತಿಳಿಯಿತು. ಬೊಮ್ಮನಹಳ್ಳಿಯ ಆಕೆ ಹಡಗಲಿಯವನ ಜೊತೆ ದಿನಾ ಮಧ್ಯಾಹ್ನ ಮಾತಾಡುತ್ತಾಳೆ ಎಂಬ ಸುದ್ದಿ ಬಸ್ಸು ಹತ್ತಿ ಕೊಟ್ಟೂರು ಮುಟ್ಟಿತು. ಕಾದಂಬರಿ ಎಂದರೆ ಯಾರು ನಂಬುತ್ತಾರೆ? ನಡುವಯಸ್ಸು ಮುಟ್ಟಿದ ಎರಡು ಜೀವಗಳು ದಿನಾ ಕುದುರೆಗಳ ಬಗ್ಗೆ ಮಾತಾಡುತ್ತವೆ ಎನ್ನುವುದಕ್ಕಿಂತ ಇನ್ನೊಂದನ್ನು ನಂಬುವುದೇ ಊರಿಗೆ ಸುಲಭ.

ಅಕ್ಕನ ಗಂಡ ಕೊಟ್ಟೂರಿನ ಬಜಾರಿನಲ್ಲಿ ಟೈಲರ್. ಒಂದು ದಿನ ಮಧ್ಯಾಹ್ನ ಅಂಗಡಿ ಮುಚ್ಚಿ, ಕೊರಳಲ್ಲಿ ಟೇಪು ಹಾಗೇ ಇಟ್ಟುಕೊಂಡು ಎಕ್ಸ್‌ಚೇಂಜಿಗೆ ಬಂದರು. ಜಗಳ ಮಾಡುವ ಮುಖವಲ್ಲ. ಬೆನ್ನು ನೋಯುವವರ ಹಾಗೆ ಬಾಗಿಲಿಗೆ ಒರಗಿ ನಿಂತರು.

"ಏನು ಮಾತಾಡ್ತಿ ಅಂತ ಕೇಳಾಕ ಬಂದೆ" ಅಂದರು.

ಅಕ್ಕ ಎದ್ದು ತಮ್ಮ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಹೆಡ್‌ಫೋನ್ ತೆಗೆದು ಅವರ ತಲೆಗೆ ಹಾಕಿದರು. "ಕೇಳ್ರಿ" ಅಂದರು. ಆ ಕಡೆ ಹಡಗಲಿಯವರಿಗೆ ಇದೇನೂ ಗೊತ್ತಿಲ್ಲ, ಓದುತ್ತಲೇ ಇದ್ದರು. ಗಂಡ ಮೊದಲು ಹುಬ್ಬು ಗಂಟಿಕ್ಕಿ ಕೇಳಿದರು. ಆಮೇಲೆ ಬೋರ್ಡಿನ ಮೇಲೆ ಮೊಣಕೈ ಊರಿದರು. ಅಧ್ಯಾಯ ಮುಗಿಯುವ ಮೊದಲೇ ಅವರ ತಲೆ ವಾಲಿ ಸಣ್ಣಗೆ ಗೊರಕೆ ಶುರುವಾಯಿತು. ಅಕ್ಕ ಎಬ್ಬಿಸಲಿಲ್ಲ. ನನ್ನ ಹೆಡ್‌ಫೋನ್ ಇಸಿದುಕೊಂಡು ನಿಂತೇ ಎರಡು ಕರೆ ಮುಗಿಸಿದರು.

ಎಚ್ಚರವಾದ ಮೇಲೆ ಅವರು ನಾಚಿಕೊಂಡು ಟೇಪು ಸರಿಮಾಡಿಕೊಂಡರು. "ಕುದುರಿ ಕತಿನ ಐತಿ ಬಿಡು" ಅಂದರು. "ನನಗೇನೋ ಗೊತ್ತಾತು. ಊರಿಗೆ ಹೆಂಗ ಹೇಳ್ಲಿ? ಒಬ್ಬೊಬ್ಬರ ಕಿವಿಗೆ ಇದನ್ನ ಹಚ್ಚಾಕ ಆಗ್ತದೇನು? ಅಂಗಡಿಗೆ ಬಂದವರು ಬಟ್ಟಿ ಕೊಟ್ಟು ನನ್ನ ಮುಖ ನೋಡ್ತಾರ. ಇಬ್ಬರು ಗಂಡುಹುಡುಗರು ಅದಾವ ಮನ್ಯಾಗ. ಬ್ಯಾಡ. ಬಿಟ್ಟುಬಿಡು."

ಅಕ್ಕ ವಾದ ಮಾಡುತ್ತಾರೆಂದು ನಾನು ಕಾದೆ. ಮಾಡಬೇಕೆಂದು ನನಗೆ ಆಸೆ. ಅವರು ಗಂಡನ ಅಂಗಿಯ ಬೆನ್ನಿಗೆ ಅಂಟಿದ್ದ ದಾರದ ಎಳೆಯೊಂದನ್ನು ತೆಗೆದು ಬಿಸಾಕಿ, "ಆತು" ಅಂದರು. ಅಷ್ಟೇ.

ಮರುದಿನ ಹಡಗಲಿಯವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಓದು ಇನ್ನು ಬೇಡವಂತೆ, ಊರಲ್ಲಿ ಮಾತಾಗಿದೆ ಎಂದೆ. ಅವರು, "ತಿಳೀತವ್ವ. ಸಾಹಣಿ ಅಜ್ಜ ಆರಾಮ ಅದಾನ ಅಂತ ಹೇಳು" ಅಂದರು. ನಾನು ಹಾಗೆಯೇ ಹೇಳಿದೆ. ಅಕ್ಕ ತಲೆಯಾಡಿಸಿ ಮುಂದಿನ ಕರೆ ತೆಗೆದುಕೊಂಡರು.

ಸ್ವಲ್ಪ ವರ್ಷಕ್ಕೆ ತಾನೇ ನಡೆಯುವ ಎಕ್ಸ್‌ಚೇಂಜ್ ಬಂತು. ಊರಿನವರು ತಾವೇ ನಂಬರು ಒತ್ತಿ ಮಾತಾಡತೊಡಗಿದರು. ನಮ್ಮ ಬೋರ್ಡನ್ನು ಬಿಚ್ಚಿ ಲಾರಿಗೆ ಹಾಕಿದರು. ಅಕ್ಕನನ್ನೂ ನನ್ನನ್ನೂ ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿಗೆ ಕೂರಿಸಿದರು. ಅಕ್ಕ ಅಲ್ಲಿಯೂ ಬೇರೆ ಬೇರೆ ಮಾಲಿಕೆಗಳನ್ನು ಓದಿದರು. ಕುದುರಿ ಕತಿಯ ಮುಂದಿನ ಭಾಗಗಳನ್ನು ಮಾತ್ರ ತೆಗೆಯಲಿಲ್ಲ. ಕೇಳಿದರೆ, "ಅಜ್ಜ ಆ ದಂಡಿನ್ಯಾಗ ಎಲ್ಲೋ ಅದಾನ. ನಾ ಹೋಗಿ ಕೂಡಿಕೊಳ್ಳೋವರೆಗೂ ಇರ್ಲಿ" ಅನ್ನುತ್ತಿದ್ದರು.

ಅವರು ನಿವೃತ್ತರಾಗುವ ಹೊತ್ತಿಗೆ ಆ ಮಾಲಿಕೆ ಮತ್ತೆ ಅಚ್ಚಾಯಿತು. ದಾವಣಗೆರೆಗೆ ಹೋದಾಗ ಒಂದು ಪುಸ್ತಕದಂಗಡಿಯಲ್ಲಿ ನಡುವಿನ ಆ ಭಾಗ ಕಣ್ಣಿಗೆ ಬಿತ್ತು. ಕೊಂಡು ತಂದು ಬೀಳ್ಕೊಡುಗೆಯ ದಿನ ಅವರ ಕೈಗಿಟ್ಟೆ. ಹೂವಿನ ಹಾರದ ನಡುವೆ ಅವರ ಮುಖದಲ್ಲಿ ಕಂಡ ಸಂತೋಷ ನನ್ನ ಸೇವೆಯ ದಿನಗಳಲ್ಲೇ ನಾನು ಕಂಡ ಒಳ್ಳೆಯ ಸಂಗತಿ.

ವಾರ ಕಳೆದಿರಲಿಲ್ಲ, ಅಕ್ಕ ಚೀಲದಲ್ಲಿ ಪುಸ್ತಕ ಹಾಕಿಕೊಂಡು ನಮ್ಮ ಮನೆಗೆ ಬಂದರು. ಕೂರಲಿಲ್ಲ.

"ಅಜ್ಜ ಎರಡನೇ ಅಧ್ಯಾಯದಾಗ ಸತ್ತಾನ" ಅಂದರು.

"ಯಾವ ಅಜ್ಜ?"

"ಸಾಹಣಿ ಅಜ್ಜ. ಹೊಳಿ ದಾಟಾಗ ಸತ್ತಾನ. ಅರ್ಧ ಪುಟ. ಆಮೇಲೆ ಬರೇ ಅವನ ಮಗನ ಸೇಡು, ಅವನಿಲ್ಲ. ಕಾಲು ತೊಳಿಯಾದು ಇಲ್ಲ, ಹುರುಳಿ ಚೀಲ ಇಲ್ಲ, ಏನೂ ಇಲ್ಲ. ಹಂಗಾರ ಅಷ್ಟು ದಿನ ನಾವು ಕೇಳಿದ್ದು ಏನು?"

ಉತ್ತರ ಇದ್ದವರು ಒಬ್ಬರೇ. ಹಡಗಲಿಯ ಆಫೀಸಿನಲ್ಲಿ ವಿಚಾರಿಸಿದೆವು. ಅವರು ನಿವೃತ್ತರಾಗಿ ತಮ್ಮೂರು ಇಟ್ಟಿಗಿಯಲ್ಲಿ ಮಗನ ಜೊತೆ ಇದ್ದಾರೆ ಎಂದು ತಿಳಿಯಿತು. ಒಂದು ಭಾನುವಾರ ನಾವಿಬ್ಬರೂ ಎರಡು ಬಸ್ಸು ಬದಲಿಸಿ ಹೋದೆವು. ಅಕ್ಕನ ಗಂಡನೇ ನಮ್ಮನ್ನು ಬಸ್ಸು ಹತ್ತಿಸಿದರು. ಕಿಟಕಿಯ ಹತ್ತಿರ ಬಂದು, "ದನಿ ಚಲೋ ಇತ್ತು ಅವರದು. ನಾ ಕೇಳೀನಿ ಅಂತ ಹೇಳು" ಅಂದರು.

ಮನೆಯ ಮುಂದಿನ ಕಟ್ಟೆಯ ಮೇಲೆ ಬನಿಯನ್ ಹಾಕಿಕೊಂಡ ಸಣಕಲು ಮುದುಕರೊಬ್ಬರು ಶೇಂಗಾ ಸುಲಿಯುತ್ತ ಕೂತಿದ್ದರು. ಆ ದಪ್ಪ ದನಿ ಈ ಸಣ್ಣ ದೇಹದೊಳಗಿತ್ತೇ ಎಂದು ನನಗೆ ಆಶ್ಚರ್ಯ. ಅಕ್ಕ ಅವರೆದುರು ನಿಂತು, "ನಾನ್ರಿ, ಬೊಮ್ಮನಹಳ್ಳಿ" ಅಂದರು. ಅವರು ತಲೆ ತಿರುಗಿಸಿ ಬಲಗಿವಿ ಮುಂದೆ ಮಾಡಿದರು. "ಇನ್ನೊಂದ್ಸಲ ಹೇಳ್ರಿ. ಎಡಗಿವಿ ಹೆಡ್‌ಫೋನಿಗೇ ಸವೆದು ಹೋತು."

ಅಕ್ಕ ಜೋರಾಗಿ ಹೇಳಿದರು. ಮುದುಕರ ಕೈಯಿಂದ ಶೇಂಗಾ ಬಿದ್ದವು. ಎದ್ದು ನಿಂತು ಏನು ಮಾಡಬೇಕೆಂದು ತೋಚದೆ, ಒಳಗೆ ಸೊಸೆಗೆ ಚಹಾ ಇಡಲು ಕೂಗಿದರು.

ಚಹಾ ಬರುವ ಮೊದಲೇ ಅಕ್ಕ ಪುಸ್ತಕ ತೆಗೆದು ಆ ಪುಟ ಬಿಚ್ಚಿ ಅವರ ಮುಂದಿಟ್ಟರು. ಅವರು ನೋಡಿದರು. ಓದಲಿಲ್ಲ, ಓದುವ ಅವಶ್ಯಕತೆ ಇರಲಿಲ್ಲ.

"ಸಿಕ್ಕಿತೇನ್ರಿ ಕೊನಿಗೆ?" ಅಂದರು. ಪುಸ್ತಕ ಮುಚ್ಚಿ ಹೇಳಿದರು, "ಅವತ್ತು ಬೆಳಿಗ್ಗೆ ಈ ಹುಡುಗಿ ಹೇಳಿದ್ಲು, ನಿಮ್ಮ ತಂದಿ ಹೋದ್ರು ಅಂತ. ಅವರ ಟಾಂಗಾದ ಸುದ್ದಿ ನೀವು ಎಷ್ಟು ಸಲ ಹೇಳಿದ್ರಿ. ಮಧ್ಯಾಹ್ನ ಪುಸ್ತಕ ತೆಗೆದ್ರ ಇದೇ ಪುಟ. ನಾಲಿಗಿ ಹೊಳ್ಳಲಿಲ್ಲ ನೋಡ್ರಿ. ಅವನನ್ನ ದಡಕ್ಕ ಹಾಕಿಬಿಟ್ಟೆ."

"ಒಂದು ದಿನ ಸರಿ. ಆಮೇಲೆ?"

"ಒಂದು ದಿನಕ್ಕ ಅಂತನ ಹಾಕಿದ್ದೆ. ಮರುದಿನ ನೀವು ಮೊದಲು ಅವನನ್ನ ಕೇಳಿದ್ರಿ. ಹೆಂಗ ಅದಾನ ಅಂದ್ರಿ. ಸತ್ತಾನ ಅಂತ ಹೆಂಗ ಹೇಳ್ಲಿ? ದಿನಾ ಮುಂಜಾನೆ ಎದ್ದು ಇವತ್ತು ಅಜ್ಜನ ಕೈಲಿ ಏನು ಮಾಡಿಸ್ಲಿ ಅಂತ ಕೂಡ್ತಿದ್ದೆ. ಬಾಳ ದಣಿದೆ. ಮುಂದ ಕತಿಯೆಲ್ಲ ಅವನ ಸಾವಿನ ಮ್ಯಾಲೆ ನಿಂತೈತಿ, ತುಂಬಿದ ಹೊಳಿಗೆ ಇಳಿಸಿದವರ ಮ್ಯಾಲೆ ಅವನ ಮಗ ಸೇಡು ತೀರಿಸ್ಕೊಬೇಕು. ಅಪ್ಪ ಇಲ್ಲೇ ಕುದುರಿ ತೊಳೀತಾ ಕುಂತಾನ, ಮಗ ಯಾರ ಸೇಡು ತೀರಿಸ್ಯಾನ? ನೀವು ಓದು ಬ್ಯಾಡ ಅಂದ ದಿನ ಬೇಜಾರೂ ಆತು, ಖರೇ ಹೇಳ್ತೀನಿ, ಬದುಕಿದೆ ಅಂತಲೂ ಅನ್ನಿಸ್ತು."

ಅಕ್ಕ ಚಹಾ ಕುಡಿದರು. ಬಸಿಯನ್ನು ಕಟ್ಟೆಯ ಮೇಲಿಟ್ಟರು. ಗಂಡ ಹೇಳಿದ್ದ ಮಾತನ್ನು ಜೋರಾಗಿ, ಅವರ ಬಲಗಿವಿಗೆ ಹೇಳಿದರು. ಆಮೇಲೆ, "ನೀವು ಹಂಗ ಮಾಡಬಾರದಿತ್ರಿ" ಅಂದರು. ಸಿಟ್ಟಿನಿಂದಲ್ಲ. ಮುದುಕರು ತಲೆ ತಗ್ಗಿಸಿದರು. ಹೊರಡುವಾಗ ಒಂದು ಪೊಟ್ಟಣ ಶೇಂಗಾ ಕಟ್ಟಿಕೊಟ್ಟರು. ಅಕ್ಕ ಬೇಡವೆನ್ನದೆ ತೆಗೆದುಕೊಂಡರು.

ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ನಾವು ಬೊಮ್ಮನಹಳ್ಳಿ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತೆವು. ಬಿಸಿಲಿಗೆ ಸಿಮೆಂಟು ನೆಲ ಕಾದಿತ್ತು. ಅಕ್ಕ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

"ಅರ್ಧ ಪುಟ ಐತಲ್ಲ, ಅದನ್ನ ಓದು. ಜೋರಾಗಿ ಓದು."

ನನಗೆ ಮುಜುಗರವಾಯಿತು. ಸುತ್ತ ಜನ ಇದ್ದರು. ಆದರೂ ಓದಿದೆ. ಹೊಳೆಯ ನಡುವೆ ಮುದುಕನ ಕೈಯಿಂದ ಹಗ್ಗ ಜಾರಿತು. ಬಿಳಿ ಕುದುರೆ ಒಮ್ಮೆ ತಿರುಗಿ ನೋಡಿತು. ಸಂಜೆ ಬಿಡಾರದಲ್ಲಿ ಹುರುಳಿ ಹಾಕುವವರಿಲ್ಲದೆ ಕುದುರೆಗಳು ನೆಲ ಕೆರೆದವು. ಅಷ್ಟೇ ಇತ್ತು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅಪ್ಪಾ, ಅಪ್ಪಾ ಎಂದು ಅತ್ತರು. ಅಪ್ಪ ಸತ್ತು ಅಷ್ಟು ವರ್ಷವಾದ ಮೇಲೆ, ಮೊಮ್ಮಕ್ಕಳನ್ನು ಕಂಡ ಹೆಂಗಸು, ನಡು ಮಧ್ಯಾಹ್ನ, ಗುರುತಿಲ್ಲದ ಊರಿನಲ್ಲಿ. ಹೂವು ಮಾರುವವಳು ಬಂದು, "ಯಾರು ಹೋಗ್ಯಾರವ್ವ?" ಅಂತ ಮೆಲ್ಲಗೆ ಕೇಳಿದಳು. ಅವರ ತಂದೆ ಎಂದೆ. ಅವಳು ಅಕ್ಕನ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತಳು.

"ಅವತ್ತ ಓದಿದ್ರ ಅವತ್ತ ಅತ್ತು ಮುಗಿಸ್ತಿದ್ದೆ" ಅಂದರು ಅಕ್ಕ, ಉಸಿರು ಸಿಕ್ಕ ಮೇಲೆ. "ಈಗ ನೋಡು, ಈ ವಯಸ್ಸಿನ್ಯಾಗ."

ಕಂಡಕ್ಟರ್ ಬೊಮ್ಮನಹಳ್ಳಿ, ಬೊಮ್ಮನಹಳ್ಳಿ ಎಂದು ಕೂಗಿದ. ನಾನು ಎದ್ದು ನಿಂತೆ. ಅಕ್ಕ ನನ್ನ ಸೀರೆ ಹಿಡಿದು ಎಳೆದು ಕೂರಿಸಿದರು. ಆ ಬಸ್ಸು ಹೋಯಿತು. ಅವರ ಅಳು ಇನ್ನೂ ಇತ್ತು.